ಹಳೆ ಬೈಕಿನ ಕರೆಂಟ್ ಕಾಟ: ಪಾರ್ಟ್ ಬದಲಿಸುವ ಮೊದಲು ಏನೇನು ನೋಡಬೇಕು

ಕೊಡಗಿನಲ್ಲಿ ಹಳೆ ಬೈಕ್ ಇಟ್ಟುಕೊಂಡವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕರೆಂಟ್ ತೊಂದರೆ ಬಂದ ಕೂಡಲೇ ಹೊಸ ಕಾಯಿಲ್ (ಪ್ಲಗ್ಗಿನ ಕಿಡಿಗೆ ವೋಲ್ಟೇಜ್ ಏರಿಸುವ ಸುರುಳಿ), ಹೊಸ ಸಿಡಿಐ (ಸರಿಯಾದ ಹೊತ್ತಿಗೆ ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಅಂತ ದುಡ್ಡು ಸುರಿಯಬೇಡಿ. ನಮ್ಮ ಕಡೆ ಪಾರ್ಟ್ ಸುಟ್ಟುಹೋಗುವುದಕ್ಕಿಂತ ಕಿಲುಬು ಹಿಡಿದು ಕಾಂಟ್ಯಾಕ್ಟ್ ಹೋಗುವುದೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ, ಕಕ್ಕಡ ತಿಂಗಳಲ್ಲಂತೂ (ಜುಲೈ-ಆಗಸ್ಟ್) ಶೆಡ್ಡಿನೊಳಗೆ ನಿಂತ ಗಾಡಿಯೂ ಒದ್ದೆ. ಆ ತೇವ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್), ಸ್ವಿಚ್, ಫ್ಯೂಸ್ ಹೋಲ್ಡರ್ ಎಲ್ಲದರ ಒಳಗೂ ಹೋಗಿ ಕೂತು ತಾಮ್ರವನ್ನು ಹಸಿರು ಮಾಡುತ್ತದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಗಾಡಿ ಹೊರಗೆ ತೆಗೆದರೆ ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ, ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಇಲ್ಲ.

ಬೇಕಾದ ಸಾಮಾನು ಸ್ವಲ್ಪವೇ. ಒಂದು ಡಿಜಿಟಲ್ ಮಲ್ಟಿಮೀಟರ್, ಅಗ್ಗದ್ದೇ ಸಾಕು. ಎಮರಿ ಪೇಪರ್, ಹಳೆ ಟೂತ್ ಬ್ರಷ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ವ್ಯಾಸಲಿನ್. ಜೊತೆಗೆ ಮನೆಯಲ್ಲೇ ಮಾಡಿಕೊಳ್ಳುವ ಟೆಸ್ಟ್ ಲ್ಯಾಂಪ್: ಒಂದು 10 ವ್ಯಾಟ್ ಇಂಡಿಕೇಟರ್ ಬಲ್ಬ್, ಹೋಲ್ಡರ್, ಎರಡು ಉದ್ದ ವೈರ್, ತುದಿಗೆ ಕ್ಲಿಪ್. ಮೀಟರ್‌ಗಿಂತ ಈ ಬಲ್ಬನ್ನೇ ನಾನು ಜಾಸ್ತಿ ನಂಬುತ್ತೇನೆ, ಅದಕ್ಕೆ ಕಾರಣ ಇದೆ. ಕಿಲುಬು ಹಿಡಿದ ಜಾಯಿಂಟಿನ ಆಚೆ ಮೀಟರ್ ಇಟ್ಟರೂ ಅದು 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಲ್ಬ್ ಹಾಗಲ್ಲ, ಅದಕ್ಕೆ 0.8 ಆಂಪಿಯರ್ ಬೇಕು. ಜಾಯಿಂಟ್ ಕೆಟ್ಟಿದ್ದರೆ ಬಲ್ಬ್ ಮಂಕಾಗಿ ಉರಿಯುತ್ತದೆ, ಇಲ್ಲವೇ ಉರಿಯುವುದೇ ಇಲ್ಲ. "ವೋಲ್ಟೇಜ್ ಬರ್ತಾ ಇದೆ, ಆದ್ರೆ ಹಾರ್ನ್ ಹೊಡೀತಿಲ್ಲ" ಅಂತ ತಲೆ ಕೆಡಿಸಿಕೊಳ್ಳುವವರು ಬಲ್ಬ್ ಹಚ್ಚಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸಿಡಿಐಗೆ ಹೋಗುವ ವೈರುಗಳಿಗೆ ಮಾತ್ರ ಈ ಬಲ್ಬ್ ಹಚ್ಚಬೇಡಿ.

ಇನ್ನೊಂದು, ನಿಮ್ಮ ಗಾಡಿ ಯಾವ ಥರದ್ದು ಅಂತ ಗೊತ್ತಿರಲಿ. ಮೈಸೂರಿನಲ್ಲಿ ತಯಾರಾದ ಹಳೆ ಜಾವಾಗಳು 6 ವೋಲ್ಟಿನವು, ಅದಕ್ಕೆ 6 ವೋಲ್ಟ್ ಬಲ್ಬೇ ಬೇಕು. ತುಂಬಾ ಹಳೆಯ ಕೆಲವು ಗಾಡಿಗಳಲ್ಲಿ ಗಾಡಿಯ ಬಾಡಿಗೆ, ಅಂದರೆ ಫ್ರೇಮಿನ ಲೋಹಕ್ಕೆ, ಜೋಡಿಸುವುದು ಬ್ಯಾಟರಿಯ ಪಾಸಿಟಿವ್, ನೆಗೆಟಿವ್ ಅಲ್ಲ. ಬ್ಯಾಟರಿ ಬಿಚ್ಚುವ ಮೊದಲು ಯಾವ ವೈರ್ ಎಲ್ಲಿಗೆ ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಬ್ಯಾಟರಿಯಿಂದಲೇ ಶುರು ಮಾಡಿ. ಗಾಡಿ ರಾತ್ರಿಯಿಡೀ ನಿಂತ ಮೇಲೆ, ಕೀ ಆಫ್ ಇರುವಾಗ, 12 ವೋಲ್ಟ್ ಬ್ಯಾಟರಿ 12.6 ಅಥವಾ ಮೇಲೆ ತೋರಿಸಿದರೆ ಫುಲ್ ಚಾರ್ಜ್ ಇದೆ. 12.4 ಅಂದರೆ ಚಾರ್ಜ್ ಮಾಡಬೇಕು. 12ಕ್ಕಿಂತ ಕೆಳಗೆ ಅಂದರೆ ಖಾಲಿ. 6 ವೋಲ್ಟಿನದಾದರೆ 6.3 ಇರಬೇಕು. ಫುಲ್ ಚಾರ್ಜ್ ಮಾಡಿದ ಮೇಲೂ ಹಾರ್ನ್ ಒತ್ತಿದ ಕೂಡಲೇ 10.5ರ ಹತ್ತಿರ ಬಿದ್ದುಹೋದರೆ ಒಂದು ಸೆಲ್ ಹೋಗಿರುವ ಸಾಧ್ಯತೆ ಜಾಸ್ತಿ, ಅಂಥದ್ದಕ್ಕೆ ಮತ್ತೆ ಮತ್ತೆ ಚಾರ್ಜ್ ಹಾಕಿ ಪ್ರಯೋಜನ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ತೋಟದ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಚಾರ್ಜರ್ ಇದ್ದೂ ಉಪಯೋಗ ಇಲ್ಲ ಅಲ್ವಾ, ಹಾಗೆ ಖಾಲಿಯಾಗಿ ನಿಂತ ಬ್ಯಾಟರಿಯ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಅದಕ್ಕೇ ಮೇ ಕೊನೆಯಲ್ಲೇ ಫುಲ್ ಚಾರ್ಜ್ ಮಾಡಿ, ನೆಗೆಟಿವ್ ವೈರ್ ಬಿಚ್ಚಿಡಿ. ನೀರು ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರೂ ಬೇಡ, ಆಸಿಡ್ಡೂ ಬೇಡ. ಚಾರ್ಜ್ ಮಾಡುವಾಗ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಚಳಿಗೆ ಒಣಗಲಿ ಅಂತ ಒಲೆ ಹತ್ತಿರ ಇಡಲೇಬೇಡಿ.

ಬ್ಯಾಟರಿ ಸರಿ ಇದೆ ಅಂದರೆ ಮುಂದಿನದು ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ಗಾಡಿಯ ಲೋಹಕ್ಕೆ ಜೋಡಿಸಿದ ವೈರ್. ಇದಕ್ಕೆ ಸ್ವಲ್ಪ ಸಮಯ ಕೊಡಿ, ಯಾಕೆಂದರೆ ತೊಂದರೆ ಇಲ್ಲೇ ಸಿಗುವುದು ಜಾಸ್ತಿ. ಹಳೆ ಗಾಡಿಯಲ್ಲಿ ಅರ್ಥ್ ವೈರನ್ನು ಫ್ರೇಮಿಗೋ ಎಂಜಿನ್‌ಗೋ ಒಂದು ಬೋಲ್ಟಿನಲ್ಲಿ ಬಿಗಿದಿರುತ್ತಾರೆ. ಆ ಬೋಲ್ಟಿನ ಅಡಿಯಲ್ಲಿ ತುಕ್ಕು ಬಂದಿದ್ದರೆ, ಅಥವಾ ಹೊಸದಾಗಿ ಪೇಂಟ್ ಹೊಡೆಸಿದಾಗ ಬಣ್ಣ ಅಡಿಗೆ ಹೋಗಿದ್ದರೆ, ಕರೆಂಟ್ ವಾಪಸ್ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಆಗ ಅದು ಬೇರೆ ದಾರಿ ಹುಡುಕುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುವುದು, ಹಾರ್ನ್ ಹೊಡೆದರೆ ಟೇಲ್ ಲೈಟ್ ಮಂಕಾಗುವುದು, ಇಂಥ ವಿಚಿತ್ರಗಳೆಲ್ಲ ಹೆಚ್ಚಾಗಿ ಕೆಟ್ಟ ಅರ್ಥಿನ ಲಕ್ಷಣ. ಪರೀಕ್ಷೆ ಹೀಗೆ: ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಅದರ ಒಂದು ವೈರಿನ ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ, ಯಾರಿಗಾದರೂ ಹಾರ್ನ್ ಹೊಡೆದು ಬ್ರೇಕ್ ಒತ್ತಲು ಹೇಳಿ. 0.2 ವೋಲ್ಟ್ ಒಳಗಿದ್ದರೆ ಒಳ್ಳೆಯದು. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಬಿಚ್ಚಿ, ಎರಡೂ ಕಡೆ ಎಮರಿ ಪೇಪರಿನಲ್ಲಿ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಹೆಡ್‌ಲೈಟ್ ಡೂಮ್ ಒಳಗಿನ ಅರ್ಥ್, ಟೇಲ್ ಲೈಟಿನ ಅರ್ಥ್ ಮರೆಯಬೇಡಿ.

ಫ್ಯೂಸ್ ಬಗ್ಗೆ ಎರಡೇ ಮಾತು. ಗಾಜಿನ ಫ್ಯೂಸ್ ಕಣ್ಣಿಗೆ ಚೆನ್ನಾಗಿ ಕಂಡರೂ ತುದಿಯ ಕ್ಯಾಪಿನೊಳಗೆ ಬಿಟ್ಟುಕೊಂಡಿರಬಹುದು, ಮೀಟರ್ ಹಿಡಿದು ನೋಡಿ. ಸುಟ್ಟರೆ ಅದೇ ಆಂಪಿಯರಿನದು ಹಾಕಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಓಡಿಸಿದರೆ ಮುಂದಿನ ಸಲ ಸುಡುವುದು ವೈರಿಂಗ್, ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ.

ಇನ್ನು ಸ್ಟಾರ್ಟೇ ಆಗುವುದಿಲ್ಲ ಅನ್ನುವ ಕೇಸು. ಪ್ಲಗ್ ಬಿಚ್ಚಿ ಕ್ಯಾಪಿಗೆ ಹಾಕಿ, ಪ್ಲಗ್ಗಿನ ಲೋಹ ಸಿಲಿಂಡರ್ ಹೆಡ್ಡಿಗೆ ಗಟ್ಟಿಯಾಗಿ ತಾಗಿರುವಂತೆ, ಪ್ಲಗ್ ತೂತಿನಿಂದ ದೂರ ಇಟ್ಟು ಕಿಕ್ ಹೊಡೆಯಿರಿ. ತೂತಿನಿಂದ ಪೆಟ್ರೋಲ್ ಹಬೆ ಬರುತ್ತದೆ, ಹುಷಾರು. ನೀಲಿ ಕಿಡಿ ಚಟ್ ಅಂತ ಹಾರಬೇಕು. ಹಳದಿ, ಸಣ್ಣ ಕಿಡಿ ಅಂದರೆ ಬಲ ಇಲ್ಲ. ಕಿಡಿ ಇಲ್ಲದಿದ್ದರೆ ಮೊದಲು ಬೇರೆ ಪ್ಲಗ್ ಹಾಕಿ ನೋಡಿ, ಆಮೇಲೆ ಪ್ಲಗ್ ಕ್ಯಾಪ್. ಮಳೆಯಲ್ಲಿ ಕ್ಯಾಪ್ ಬಿರುಕಿನಿಂದ ಕರೆಂಟ್ ಹೊರಗೆ ಸೋರುವುದು ತುಂಬಾ ಸಾಮಾನ್ಯ. ಗಾಡಿ ಹೇಗೋ ಸ್ಟಾರ್ಟ್ ಆಗಿ ಮಿಸ್ ಹೊಡೆಯುತ್ತಿದ್ದರೆ ಕತ್ತಲಲ್ಲಿ ನಿಲ್ಲಿಸಿ ಎಚ್‌ಟಿ ವೈರ್ (ಕಾಯಿಲ್ಲಿನಿಂದ ಪ್ಲಗ್ಗಿಗೆ ಹೋಗುವ ದಪ್ಪ ವೈರ್) ಮತ್ತು ಕ್ಯಾಪ್ ಮೇಲೆ ನೀರು ಸಿಂಪಡಿಸಿ, ಸೋರುವ ಜಾಗದಲ್ಲಿ ನೀಲಿ ಗೆರೆ ಕುಣಿಯುವುದು ಕಾಣುತ್ತದೆ. ಕೈ ಮಾತ್ರ ಹಾಕಬೇಡಿ.

ಯಮಹಾ ಆರ್‌ಎಕ್ಸ್ 100 ಥರದ ಗಾಡಿಗಳಲ್ಲಿ ಸಿಡಿಐಗೆ ಕರೆಂಟ್ ಬರುವುದು ಮ್ಯಾಗ್ನೆಟ್‌ನಿಂದ, ಅಂದರೆ ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಭಾಗದಿಂದ. ಬ್ಯಾಟರಿ ಸತ್ತರೂ ಅವು ಸ್ಟಾರ್ಟ್ ಆಗಬೇಕು, ಹಾಗಾಗಿ ಅಲ್ಲಿ ಬ್ಯಾಟರಿ ಬದಲಿಸಿ ಸುಮ್ನೆ ಖರ್ಚು ಮಾಡಬೇಡಿ. ಇವುಗಳಲ್ಲಿ ಕೀ ಆಫ್ ಮಾಡಿದಾಗ ಸ್ವಿಚ್ ಒಂದು ವೈರನ್ನು ಬಾಡಿಗೆ ತಾಗಿಸಿ ಕಿಡಿ ನಿಲ್ಲಿಸುತ್ತದೆ. ಸ್ವಿಚ್ಚಿನೊಳಗೆ ನೀರು ಹೋದರೆ ಕೀ ಆನ್ ಇದ್ದರೂ ಆ ವೈರ್ ಬಾಡಿಗೆ ತಾಗಿದಂತೆಯೇ ಆಗುತ್ತದೆ. ಸಿಡಿಐನಿಂದ ಸ್ವಿಚ್ಚಿಗೆ ಹೋಗುವ ಆ ಒಂದು ವೈರನ್ನು ಕಪ್ಲರಿನಲ್ಲಿ ಬಿಡಿಸಿ ಕಿಕ್ ಹೊಡೆಯಿರಿ. ಕಿಡಿ ಬಂತು ಅಂದರೆ ತಪ್ಪು ಸ್ವಿಚ್ಚಿನದು, ಸಿಡಿಐನದಲ್ಲ. ಹಾಗೆ ಓಡಿಸುವಾಗ ಕೀಯಿಂದ ಎಂಜಿನ್ ನಿಲ್ಲುವುದಿಲ್ಲ ಅನ್ನುವುದು ನೆನಪಿರಲಿ, ಬ್ರೇಕ್ ಹಿಡಿದು ಗೇರಿನಲ್ಲಿ ಕ್ಲಚ್ ಬಿಟ್ಟು ನಿಲ್ಲಿಸಬೇಕು.

ಸಿಡಿಐ ಬದಲು ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಇರುವ ಹಳೆ ಬುಲೆಟ್ಟಿನಲ್ಲಿ ಹೆಡ್‌ಲೈಟ್ ಮೇಲಿನ ಆಂಪಿಯರ್ ಮೀಟರೇ ದೊಡ್ಡ ಸಹಾಯ. ಕೀ ಹಾಕಿ, ಲೈಟ್ ಎಲ್ಲಾ ಆಫ್ ಇಟ್ಟು, ಕಿಕ್ಕರನ್ನು ನಿಧಾನ ಒತ್ತಿ. ಪಾಯಿಂಟ್ ಮುಚ್ಚಿದಾಗ ಮುಳ್ಳು ಮೈನಸ್ ಕಡೆ ವಾಲುತ್ತದೆ, ತೆರೆದಾಗ ನಡುವಿಗೆ ಬರುತ್ತದೆ. ಹೀಗೆ ಆಡುತ್ತಿದ್ದರೆ ಬ್ಯಾಟರಿ, ಸ್ವಿಚ್, ಕಾಯಿಲ್, ಪಾಯಿಂಟ್ ತನಕ ಕರೆಂಟ್ ಬಂದಿದೆ. ಮುಳ್ಳು ಅಲ್ಲಾಡುವುದೇ ಇಲ್ಲವಾದರೆ ಎಲ್ಲೋ ಕಡಿದಿದೆ, ಅಥವಾ ಪಾಯಿಂಟ್ ಮೇಲೆ ಎಣ್ಣೆ, ಕಿಲುಬು ಕೂತಿದೆ. ಯಾವಾಗಲೂ ಮೈನಸ್‌ನಲ್ಲೇ ನಿಂತಿದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಆ ವೈರ್ ಬಾಡಿಗೆ ತಾಗಿದೆ. ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇಡಿ. ಪಾಯಿಂಟ್ ಮಧ್ಯೆ ಕಿಡಿ ಜೋರಾಗಿ ಹಾರುತ್ತಾ ಬೇಗ ಬೇಗ ಗುಳಿ ಬೀಳುತ್ತಿದ್ದರೆ ಆ ಕಿಡಿ ತಡೆಯುವ ಕಂಡೆನ್ಸರ್ ಬದಲಿಸಿ, ಅದೇನು ದುಬಾರಿ ಅಲ್ಲ.

ಬ್ಯಾಟರಿ ಪದೇ ಪದೇ ಇಳಿಯುತ್ತಿದೆಯಾ? ಎಂಜಿನ್ ಓಡುವಾಗ, ಸ್ವಲ್ಪ ರೇಸ್ ಮಾಡಿ, 12 ವೋಲ್ಟ್ ಬ್ಯಾಟರಿಯ ತುದಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. 12.5ರಲ್ಲೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬಲ್ಬ್ ಮೇಲೆ ಬಲ್ಬ್ ಸುಡುವುದೂ ಅದರಿಂದಲೇ. ಆದರೆ ನಿಧಾನದಲ್ಲಿ ಹೆಡ್‌ಲೈಟ್ ಮಂಕಾಗಿ ರೇಸ್ ಮಾಡಿದರೆ ಬೆಳಗುವುದನ್ನು ಕಾಯಿಲೆ ಅಂತ ತಿಳಿಯಬೇಡಿ. ಎಷ್ಟೋ ಹಳೆ ಗಾಡಿಗಳಲ್ಲಿ ಹೆಡ್‌ಲೈಟ್ ನೇರ ಮ್ಯಾಗ್ನೆಟ್ ಕಾಯಿಲ್ಲಿನಿಂದ ಉರಿಯುತ್ತದೆ, ಹಾರ್ನ್ ಮತ್ತು ಇಂಡಿಕೇಟರ್ ಮಾತ್ರ ಬ್ಯಾಟರಿಯಿಂದ. ಮಡಿಕೇರಿಯ ಮಂಜಿಗೆ ಅಂತ ಇಂಥ ಗಾಡಿಗೆ 55 ವ್ಯಾಟಿನ ಫಾಗ್ ಲ್ಯಾಂಪ್ ಎರಡು ಕಟ್ಟುವುದನ್ನು ನಾನಂತೂ ಒಪ್ಪುವುದಿಲ್ಲ. ರಿಲೇ (ಸ್ವಿಚ್ಚಿನ ಬದಲು ತಾನೇ ದೊಡ್ಡ ಕರೆಂಟ್ ಹೊರುವ ಪುಟ್ಟ ಪೆಟ್ಟಿಗೆ) ಹಾಕಿದರೆ ಸ್ವಿಚ್ ಉಳಿಯುತ್ತದೆ, ಆದರೆ ಮ್ಯಾಗ್ನೆಟ್ ಕೊಡುವ ಕರೆಂಟ್ ಹೆಚ್ಚಾಗುವುದಿಲ್ಲ.

ಕೆಲವು ಸಲ ಬಂದು ಕೆಲವು ಸಲ ಹೋಗುವ ತೊಂದರೆಗೆ ಹ್ಯಾಂಡಲ್ ಕುತ್ತಿಗೆಯ ಹತ್ತಿರ ನೋಡಿ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿ ತಿರುಗಿ ಅಲ್ಲಿನ ವೈರ್ ಒಳಗೇ ತುಂಡಾಗಿರುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿರುತ್ತದೆ. ಹಾರ್ನ್ ಒತ್ತಿ ಹಿಡಿದು ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ವೈರಿಂಗ್ ಕಟ್ಟನ್ನು ಅಲ್ಲಲ್ಲಿ ಹಿಚುಕಿ. ಸದ್ದು ನಿಂತ ಜಾಗದಲ್ಲಿ ಟೇಪ್ ಬಿಚ್ಚಿ. ಶೆಡ್ಡಿನಲ್ಲಿ ಇಲಿ ಇದ್ದರೆ ಸೀಟಿನ ಅಡಿ ಮತ್ತು ಟ್ಯಾಂಕಿನ ಅಡಿಯನ್ನೂ ನೋಡಿಬಿಡಿ.

ತುಂಡಾದ ವೈರನ್ನು ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಹಸಿರಾದ ಭಾಗವನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ವೈರ್ ಸೇರಿಸಿ, ಸೋಲ್ಡರ್ ಹಾಕಿ, ಮೇಲೆ ಹೀಟ್ ಸ್ಲೀವ್ ಏರಿಸಿ. ಸೋಲ್ಡರ್ ಮಾಡಿದ ಜಾಗ ಬಗ್ಗುವಂತಿರಬಾರದು, ಕುತ್ತಿಗೆಯಿಂದ ಸ್ವಲ್ಪ ದೂರಕ್ಕೆ ತಂದು ಜೋಡಿಸಿ ಕಟ್ಟಿ. ಕಪ್ಲರುಗಳಿಗೆ ಸ್ಪ್ರೇ ಹೊಡೆದು ಬ್ರಷ್ಷಿನಲ್ಲಿ ತಿಕ್ಕಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ ಬಾಯಿಗೆ ವ್ಯಾಸಲಿನ್ ಹಚ್ಚಿ. ಈ ಕೆಲಸಕ್ಕೆ ಮಾರ್ಚ್, ಏಪ್ರಿಲ್ ಒಳ್ಳೆಯ ಸಮಯ, ಕಾಫಿ ಕೊಯ್ಲೂ ಮುಗಿದಿರುತ್ತದೆ, ಬಿಸಿಲಿಗೆ ಎಲ್ಲವೂ ಬೇಗ ಒಣಗುತ್ತದೆ.