ಉಪ್ಪುನೀರಿನ ಸಣ್ಣ ಟ್ಯಾಂಕು, ಹಸಿರು ಪಾಚಿ ಮತ್ತು ನಾನು

ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಎಲ್ಲಿ ಸೇರಿದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. "ಪಾಚಿಗೆ ಏನು ಹಾಕ್ತೀರಾ?" ನಾನು ಟ್ಯಾಂಕಿನೊಳಗೆ ಪಾಚಿಯ ಔಷಧಿ ಹಾಕುವುದಿಲ್ಲ. ಆರಿದ ನೀರಿನ ಬದಲು ತುಂಬುವ ಟಾಪಪ್ ಬಕೆಟ್‌ನಲ್ಲಿ ಏನು ಹೋಗ್ತಿದೆ, ಕೈಯಿಂದ ಎಷ್ಟು ತಿಂಡಿ ಬೀಳ್ತಿದೆ, ಇವೆರಡನ್ನು ಗಮನಿಸುತ್ತೇನೆ. ಸಣ್ಣ ಟ್ಯಾಂಕಿನಲ್ಲಿ ಪಾಚಿಯ ಮುಕ್ಕಾಲು ಕೆಲಸ ಅಲ್ಲೇ ಮುಗಿಯುತ್ತದೆ ಅನ್ನುವುದು ನನ್ನ ಅನುಭವ.

ನನ್ನದು ಎರಡಡಿ ಉದ್ದದ ಟ್ಯಾಂಕು. ಕಲ್ಲು, ಮರಳು ಬಿಟ್ಟು ನೀರಿನ ಲೆಕ್ಕ ಹಾಕಿದರೆ ಸುಮಾರು 70 ಲೀಟರ್. ಊರು ಬಿಟ್ಟು ಹೋಗುತ್ತಿದ್ದ ಗೆಳೆಯರೊಬ್ಬರಿಂದ ಕಲ್ಲು, ಪಂಪು, ಲೈಟಿನ ಸಮೇತ ಕೊಂಡೆ. ಮನೆಗೆ ಬಂದಾಗ ಕಲ್ಲುಗಳ ಮೇಲೆ ಬೆರಳುದ್ದದ ಹಸಿರು ಕೂದಲು ಬೆಳೆದಿತ್ತು. ಹೇರ್ ಆಲ್ಗೆ ಅಂತ ಕರೆಯುತ್ತಾರಲ್ಲ, ಅದೇ. ಈಗ ಅದರಲ್ಲಿ ಎರಡು ಕ್ಲೌನ್ ಮೀನು, ಒಂದು ವಾಚ್‌ಮನ್ ಗೋಬಿ, ಅದರ ಜೊತೆಗಾರ ಪಿಸ್ತೂಲ್ ಸೀಗಡಿ ಇವೆ. ಸೀಗಡಿ ಇಡೀ ದಿನ ಬಿಲ ತೋಡಿ ಮರಳು ಹೊರಗೆ ತಳ್ಳುತ್ತದೆ. ಅದಕ್ಕೆ ಕಣ್ಣು ಅಷ್ಟಕ್ಕಷ್ಟೇ. ಅದಕ್ಕೇ ಮೀಸೆಯ ತುದಿಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಹೊರಗೆ ಬರುತ್ತದೆ. ಗೋಬಿ ಬಾಲ ಅಲುಗಿಸಿದರೆ ಸರಕ್ಕನೆ ಒಳಗೆ. ಇದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಹವಳ ಇಟ್ಟಿಲ್ಲ. ಬಂಡೆ ಕಟ್ಟುವ ಗಟ್ಟಿ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. 'ಲೈವ್ ರಾಕ್' ಅಂತ ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲನ್ನು ಯಾರು ಕೊಟ್ಟರೂ ತಗೋಬೇಡಿ. ಸಿಮೆಂಟು, ಚಿಪ್ಪಿನ ಪುಡಿ ಕಲಸಿ ಮಾಡಿದ ಕಲ್ಲು ಸಾಕು. ನೀರಿನ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಅದರಲ್ಲೂ ಚೆನ್ನಾಗಿಯೇ ಮನೆ ಮಾಡುತ್ತದೆ. ಕ್ಲೌನ್ ಮೀನನ್ನೂ ಹ್ಯಾಚರಿಯಲ್ಲಿ ಹುಟ್ಟಿದ್ದೇ ನೋಡಿ ತಂದಿದ್ದೇನೆ. ಕೇಂದ್ರ ಸರ್ಕಾರದ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಇವುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಹಾಗಿರುವಾಗ ಸಮುದ್ರದಿಂದ ಹಿಡಿದದ್ದು ಯಾಕೆ ಬೇಕು, ಅಲ್ವಾ?

ಪಾಚಿಗೆ ಬರುತ್ತೇನೆ. ಮೊದಲು ನೀರು ಟೆಸ್ಟ್ ಮಾಡಿದೆ. ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆಗೆ ಹತ್ತಿರ. ಕಲ್ಲಿನ ತುಂಬಾ ಪಾಚಿ, ಕಿಟ್ ಮಾತ್ರ ನೀರು ಶುದ್ಧ ಅನ್ನುತ್ತಿದೆ! ತುಂಬಾ ಜನ ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಕಿಟ್ ಸುಳ್ಳು ಹೇಳುತ್ತಿಲ್ಲ. ಅದು ಅಳೆಯುವುದು ನೀರಿನಲ್ಲಿ ಉಳಿದದ್ದನ್ನು ಮಾತ್ರ. ಪಾಚಿ ತಿಂದುಕೊಂಡದ್ದು ಅದಕ್ಕೆ ಕಾಣುವುದಿಲ್ಲ. ಜೊತೆಗೆ ಸುಣ್ಣದ ಅಂಶ ಇರುವ ಕಲ್ಲು ಫಾಸ್ಫೇಟನ್ನು ಹೀರಿ ಇಟ್ಟುಕೊಳ್ಳುತ್ತದೆ. ನೀರಿನಲ್ಲಿ ಕಡಿಮೆಯಾದ ಹಾಗೆಲ್ಲ ನಿಧಾನಕ್ಕೆ ಬಿಟ್ಟುಕೊಡುತ್ತದೆ. ವರ್ಷಗಟ್ಟಲೆ ತಿಂಡಿ ಬಿದ್ದ ಹಳೆಯ ಕಲ್ಲು ಅಂದರೆ ಪಾಚಿಗೆ ತುಂಬಿದ ಕಣಜ ಇದ್ದ ಹಾಗೆ. ಒಂದು ವಾರದಲ್ಲಿ ಖಾಲಿ ಆಗುವಂಥದ್ದಲ್ಲ ಅಂತ ಮೊದಲೇ ಮನಸ್ಸಿಗೆ ಹೇಳಿಕೊಂಡೆ.

ನಂತರ ನೋಡಿದ್ದು ನೀರಿನ ಮೂಲ. ಬೆಂಗಳೂರಿನಲ್ಲಿ ಇದೇ ದೊಡ್ಡ ವಿಷಯ. ನಮ್ಮ ಅಪಾರ್ಟ್‌ಮೆಂಟಿಗೆ ಒಂದು ದಿನ ಬೋರ್‌ವೆಲ್, ಒಂದು ದಿನ ಟ್ಯಾಂಕರ್, ನಡುವೆ ಕಾವೇರಿ. ಬೋರ್‌ವೆಲ್ ನೀರಿಗೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 700ರ ಆಸುಪಾಸು ತೋರಿಸುತ್ತದೆ. ಅಡುಗೆಮನೆಯ ಆರ್‌ಒ ನೀರು 60, 70. ಕುಡಿಯಲು ಅದು ಒಳ್ಳೆಯದೇ. ರುಚಿಗೆ ಅಂತ ಆ ಮೆಷಿನ್ನೇ ಸ್ವಲ್ಪ ಹಸಿ ನೀರು ಬೆರೆಸುತ್ತದೆ, ಇಲ್ಲವೇ ಮಿನರಲ್ ಕಾರ್ಟ್ರಿಜ್ ಇರುತ್ತದೆ. ಅಕ್ವೇರಿಯಂಗೆ ಮಾತ್ರ ಅದು ಸಾಲದು. ಯಾಕೆ ಅಂತ ಒಂದು ಲೆಕ್ಕ ಹಾಕಿ. ಬೇಸಿಗೆಯಲ್ಲಿ ಫ್ಯಾನ್ ಹಾಕಿದಾಗ ನನ್ನ ಟ್ಯಾಂಕಿನಿಂದ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಆರಿ ಹೋಗುತ್ತದೆ. ಹೋಗುವುದು ಬರೀ ನೀರು. ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಆರಿದ್ದಕ್ಕೆ ಉಪ್ಪುನೀರು ಹಾಕುವ ಹಾಗಿಲ್ಲ, ಸಿಹಿನೀರೇ ತುಂಬಬೇಕು. ತಿಂಗಳಿಗೆ 45 ಲೀಟರ್ ಆಯಿತು. ಟ್ಯಾಂಕಿನ ಅರ್ಧಕ್ಕಿಂತ ಜಾಸ್ತಿ! ಆ ನೀರಿನಲ್ಲಿ ಚೂರು ನೈಟ್ರೇಟ್, ಚೂರು ಸಿಲಿಕೇಟ್ ಇದ್ದರೂ ಸಾಕು. ನೀರು ಮತ್ತೆ ಆರುತ್ತದೆ, ಅವು ಉಳಿಯುತ್ತವೆ. ಪ್ರತಿ ತಿಂಗಳೂ ಅದೇ ಕಥೆ.

ಅದಕ್ಕೇ ಆರ್‌ಒ ಮೆಂಬ್ರೇನಿನಿಂದ ಹೊರಬರುವ ಪೈಪಿಗೆ, ಮಿನರಲ್ ಕಾರ್ಟ್ರಿಜ್‌ಗಿಂತ ಮೊದಲೇ, ಒಂದು ಟಿ ಜಾಯಿಂಟ್ ಹಾಕಿಸಿ ಡಿಐ ರೆಸಿನ್ (ನೀರಿನಲ್ಲಿ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಹರಳು) ತುಂಬಿದ ಕ್ಯಾನಿಸ್ಟರ್ ಜೋಡಿಸಿದೆ. ಬಣ್ಣ ಬದಲಾಗುವ ರೆಸಿನ್ ತಗೊಳ್ಳಿ, ಎಷ್ಟು ಖಾಲಿ ಆಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಹೊರಬರುವ ನೀರಿಗೆ ಮೀಟರ್ 0 ತೋರಿಸಬೇಕು. 1 ಅಥವಾ 2 ಬಂದ ದಿನವೇ ನಾನು ರೆಸಿನ್ ಬದಲಿಸುತ್ತೇನೆ. "ಎರಡೇ ತಾನೇ" ಅಂತ ಸುಮ್ನೆ ಬಿಡಬಾರದು. ರೆಸಿನ್ ಸೋಲುವಾಗ ಮೊದಲು ತಪ್ಪಿಸಿಕೊಳ್ಳುವವುಗಳಲ್ಲಿ ಸಿಲಿಕೇಟ್ ಒಂದು. ಗಾಜಿನ ಮೇಲೆ ಕಂದು ಪುಡಿ ಕೂರಿಸುವುದು ಅದೇ.

ಉಪ್ಪಿನ ಬಗ್ಗೆ ಒಂದು ಮಾತು. ಮಲ್ಪೆಗೋ ಗೋಕರ್ಣಕ್ಕೋ ಹೋಗಿ ಬಂದವರು "ಕ್ಯಾನಿನಲ್ಲಿ ಸಮುದ್ರದ ನೀರೇ ತಂದುಕೊಡ್ಲಾ?" ಅಂತ ಕೇಳುತ್ತಾರೆ. ಪ್ರೀತಿಯಿಂದಲೇ ಬೇಡ ಅನ್ನುತ್ತೇನೆ. ದಡದ ನೀರಿನಲ್ಲಿ ದೋಣಿಯ ಎಣ್ಣೆ ಇರಬಹುದು, ಊರಿನ ಚರಂಡಿ ಸೇರಿರಬಹುದು. ಮಳೆಗಾಲದಲ್ಲಿ ನದಿ ಸೇರುವ ಕಡೆ ಉಪ್ಪೇ ತೆಳುವಾಗಿರುತ್ತದೆ. ಪ್ಯಾಕೆಟ್ಟಿನ ಸಮುದ್ರದ ಉಪ್ಪನ್ನು ಡಿಐ ನೀರಿಗೆ ಕಲಸಿದರೆ ಪ್ರತಿ ಸಲವೂ ಒಂದೇ ಥರ ಇರುತ್ತದೆ. ಲೀಟರಿಗೆ 35 ಗ್ರಾಂ ಚಿಲ್ಲರೆ ಬೇಕು. ಬಕೆಟ್‌ಗೆ ನೀರು ಮೊದಲು, ಉಪ್ಪು ಆಮೇಲೆ. ಸಣ್ಣ ಪಂಪು ಬಿಟ್ಟು ರಾತ್ರಿಯಿಡೀ ತಿರುಗಿಸಿ, ಬೆಳಿಗ್ಗೆ ಉಪ್ಪಿನ ಅಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿ, ಸಾಪೇಕ್ಷ ಸಾಂದ್ರತೆ 1.025 ಇದ್ದರೆ ಹಾಕುತ್ತೇನೆ.

ಇನ್ನು ಕೈಕೆಲಸ. ಇದಕ್ಕೆ ಬದಲಿಯೇ ಇಲ್ಲ. ವಾರಕ್ಕೊಮ್ಮೆ ಹತ್ತು ಲೀಟರ್ ನೀರು ಬದಲಿಸುವಾಗಲೇ ಪಾಚಿಯನ್ನೂ ತೆಗೆಯುತ್ತಿದ್ದೆ. ಪಂಪು ಆಫ್ ಮಾಡಿ ಐದು ನಿಮಿಷ ಬಿಟ್ಟರೆ ಪಾಚಿಯ ಎಳೆಗಳು ಕಲ್ಲಿನ ಮೇಲೆ ಬಾಡಿದ ಹಾಗೆ ಒರಗುತ್ತವೆ. ಅರ್ಧ ಇಂಚಿನ ಪೈಪಿನ ತುದಿಗೆ ಹಳೆಯ ಟೂತ್ ಬ್ರಷ್ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಕೊಳ್ಳುತ್ತೇನೆ. ಬ್ರಷ್ ಉಜ್ಜಿದ್ದನ್ನು ಪೈಪು ಅಲ್ಲೇ ಎಳೆದುಕೊಳ್ಳುತ್ತದೆ, ನೀರಿನಲ್ಲಿ ಹರಡುವುದಿಲ್ಲ. ಹರಡಿದ ಒಂದೊಂದು ಚೂರೂ ಇನ್ನೊಂದು ಕಡೆ ಬೇರೂರುತ್ತದೆ, ಹಾಗಾಗಿ ಇದು ಮುಖ್ಯ. ಉದ್ದ ಇರುವ ಕಡೆ ಹೆಬ್ಬೆರಳು, ತೋರುಬೆರಳಲ್ಲಿ ಬುಡಕ್ಕೆ ಹಿಡಿದು ತಿರುಚಿ ಕೀಳಬೇಕು. ಸರಿಯಾಗಿ ಕಿತ್ತರೆ ಬುಡದಲ್ಲಿ ಅಂಟಿಕೊಂಡಿದ್ದ ಕಂದು ಕೆಸರು ಮೋಡದ ಹಾಗೆ ಏಳುತ್ತದೆ. ಅದು ಮೀನಿನ ಹಿಕ್ಕೆ, ಕೊಳೆತ ತಿಂಡಿ. ಪಾಚಿ ತನ್ನ ಗೊಬ್ಬರವನ್ನು ತಾನೇ ಬುಡಕ್ಕೆ ಕೂಡಿಟ್ಟುಕೊಂಡಿರುತ್ತದೆ. ತಕ್ಷಣ ಪೈಪನ್ನು ಅಲ್ಲಿಗೆ ತಿರುಗಿಸಬೇಕು. ಮೊದಲ ವಾರಗಳಲ್ಲಿ ಬಕೆಟ್ಟಿನ ತಳ ಕಪ್ಪಗೆ ಕಾಣುತ್ತಿತ್ತು.

ಎರಡು ಕಲ್ಲು ಮಾತ್ರ ಬ್ರಷ್‌ಗೆ ಬಗ್ಗಲಿಲ್ಲ. ಅವನ್ನು ಹೊರಗೆ ತೆಗೆದು, ಗ್ಲೌಸ್ ಹಾಕಿಕೊಂಡು, 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದೆ. ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಸಿಗುವುದು 6 ಪರ್ಸೆಂಟಿನದು. ಅಷ್ಟೇ ಡಿಐ ನೀರು ಬೆರೆಸಿದರೆ ಸರಿಹೋಗುತ್ತದೆ. ಬಾಟಲಿಯ ಲೇಬಲ್ ಓದಿ. ಪಾಚಿ ಇದ್ದ ಕಡೆ ನೊರೆ ಬರುತ್ತದೆ. ಕೆಲವು ನಿಮಿಷ ಬಿಟ್ಟು, ಟ್ಯಾಂಕಿನಿಂದ ತೆಗೆದಿಟ್ಟ ಉಪ್ಪುನೀರಿನಲ್ಲಿ ಎರಡು ಸಲ ತೊಳೆದು ವಾಪಸ್ ಇಟ್ಟೆ. ಮುಂದಿನ ದಿನಗಳಲ್ಲಿ ಹಸಿರು ಬಿಳಿಚಿಕೊಂಡು ಉದುರಿತು.

ಪಾಚಿ ಗಿಡ್ಡ ಆದ ಮೇಲೆ ಬಸವನಹುಳುಗಳನ್ನು ತಂದೆ. ಮೊದಲೇ ತಂದರೆ ಉಪಯೋಗ ಕಡಿಮೆ. ಟ್ರೋಕಸ್ ಜಾತಿಯವು ಎಳೆ ಚಿಗುರನ್ನು, ಗಾಜಿನ ಮೇಲಿನ ತೆಳು ಪದರವನ್ನು ಕೆರೆದು ತಿನ್ನುತ್ತವೆ, ಬೆರಳುದ್ದದ ಕೂದಲನ್ನು ಮುಟ್ಟುವುದಿಲ್ಲ. ಟ್ರೋಕಸ್ಸೇ ನನಗೆ ಇಷ್ಟ. ಅಂಗಾತ ಬಿದ್ದರೂ ತಾನೇ ಮಗುಚಿಕೊಳ್ಳುತ್ತದೆ. ಆಸ್ಟ್ರೇಯಾ (Astraea) ಜಾತಿಯ ಬಸವನಹುಳುವಿಗೆ ಅದು ಆಗುವುದಿಲ್ಲ, ಬಿದ್ದಲ್ಲೇ ಸಾಯುತ್ತದೆ. 70 ಲೀಟರಿನಲ್ಲಿ ಒಂದು ಹುಳು ಸತ್ತು ಕೊಳೆತರೂ ಅಮೋನಿಯಾ ಏರುತ್ತದೆ, ಮತ್ತೆ ಪಾಚಿಗೆ ಹಬ್ಬ. ಅಂಗಡಿಯಿಂದ ತಂದವನ್ನು ಸೀದಾ ಬಿಡಬೇಡಿ. ಸಣ್ಣ ಏರ್ ಪೈಪಿಗೆ ಗಂಟು ಹಾಕಿ, ಟ್ಯಾಂಕಿನ ನೀರನ್ನು ಹನಿಹನಿಯಾಗಿ ಅವುಗಳ ಡಬ್ಬಿಗೆ ಬಿಟ್ಟು, ಒಂದು ಗಂಟೆಯಾದರೂ ಒಗ್ಗಿಸಿ. ಉಪ್ಪಿನ ಅಂಶ ಗಕ್ಕನೆ ಬದಲಾದರೆ ತಡೆಯುವ ಪ್ರಾಣಿಗಳಲ್ಲ ಅವು.

ತಿಂಡಿಯ ವಿಷಯ ಮನೆಯವರೆಲ್ಲರಿಗೂ ಸೇರಿದ್ದು. ಮೈಸೂರಿನಿಂದ ಅಮ್ಮ ಬಂದಾಗ ಟ್ಯಾಂಕಿನ ಮುಂದೆಯೇ ಕೂರುತ್ತಾರೆ. "ಪಾಪ ಕಣೋ, ಹಸಿದಿವೆ. ನನ್ನ ನೋಡಿದ ಕೂಡ್ಲೇ ಮೇಲೆ ಬರ್ತವೆ" ಅಂತ ಚಿಟಿಕೆ ಚಿಟಿಕೆ ಹಾಕುತ್ತಿದ್ದರು. ಕ್ಲೌನ್ ಮೀನು ಹೊಟ್ಟೆ ತುಂಬಿದ್ದರೂ ಹಾಗೇ ಕುಣಿಯುತ್ತದೆ. ಅಮ್ಮನಿಗೆ ಬೇಡ ಅನ್ನಲು ನನಗೆ ಮನಸ್ಸಿಲ್ಲ. ಅದಕ್ಕೇ ವಾರದ ಮಾತ್ರೆ ಹಾಕಿಡುವ ಡಬ್ಬಿ ತಂದು, ಒಂದೊಂದು ಖಾನೆಗೆ ಒಂದು ದಿನದ ತಿಂಡಿ ತುಂಬಿಟ್ಟೆ. ಆ ಖಾನೆ ಮುಗಿದರೆ ಆ ದಿನದ್ದು ಮುಗಿಯಿತು. ಈಗ ಅಮ್ಮನೇ ಬೇರೆಯವರಿಗೆ "ಇವತ್ತಿಂದು ಆಯ್ತು, ಹಾಕಬೇಡಿ" ಅನ್ನುತ್ತಾರೆ. ಫ್ರೋಜನ್ ಸೀಗಡಿ ಕೊಡುವ ದಿನ ಅದನ್ನು ಟೀ ಜರಡಿಯಲ್ಲಿ ಹಾಕಿ, ಕರಗಿದ ರಸವನ್ನು ಸಿಂಕಿಗೆ ಬಿಟ್ಟು, ತೊಳೆದು ಹಾಕುತ್ತೇವೆ.

ಟ್ಯಾಂಕಿನ ಹಿಂದೆ ನೇತುಹಾಕಿದ ಡಬ್ಬಿಯಲ್ಲಿ ಚೀಟೋಮಾರ್ಫಾ ಇದೆ. ಅದೂ ಪಾಚಿಯೇ. ತಂತಿಯ ಉಂಡೆಯ ಹಾಗೆ ಬೆಳೆಯುತ್ತದೆ, ಕಲ್ಲಿಗೆ ಅಂಟುವುದಿಲ್ಲ. ಬೇಡದ ಪಾಚಿ ತಿನ್ನುವುದನ್ನು ಇದು ಮೊದಲೇ ತಿಂದುಬಿಡುತ್ತದೆ. ಇದರ ಲೈಟ್ ಉರಿಯುವುದು ರಾತ್ರಿ. ಟ್ಯಾಂಕಿನ ದೀಪ ಆರಿದಾಗ ಪಿಎಚ್ ಇಳಿಯುತ್ತದಲ್ಲ, ಅದನ್ನೂ ಸ್ವಲ್ಪ ಹಿಡಿದಿಡುತ್ತದೆ. ಉಂಡೆ ದೊಡ್ಡದಾದಾಗ ಅರ್ಧ ಕಿತ್ತು ಬಿಸಾಡಬೇಕು. ಬಿಸಾಡಿದಾಗಲೇ ಫಾಸ್ಫೇಟ್ ನಿಜವಾಗಿ ಮನೆಯಿಂದ ಹೊರಗೆ ಹೋಗುವುದು.

ದೀಪ ದಿನಕ್ಕೆ ಎಂಟು ಗಂಟೆ, ಟೈಮರ್ ಹಾಕಿದೆ. ಕಿಟಕಿಯ ಬಿಸಿಲು ಬೀಳದ ಗೋಡೆ. ಏಪ್ರಿಲ್‌ನಲ್ಲಿ ನೀರು 29 ಡಿಗ್ರಿ ದಾಟಿದರೆ ಮೇಲ್ಮೈಗೆ ಗಾಳಿ ಬೀಸುವ ಹಾಗೆ ಸಣ್ಣ ಫ್ಯಾನ್ ಇಡುತ್ತೇನೆ, ಎರಡು ಡಿಗ್ರಿ ಇಳಿಯುತ್ತದೆ. ಕರೆಂಟ್ ಹೋದರೆ ಬ್ಯಾಟರಿಯ ಏರ್ ಪಂಪ್ ತಾನೇ ಶುರುವಾಗುತ್ತದೆ. ಇಷ್ಟು ಸಾಕು.

ಒಂದು ವಿಷಯದಲ್ಲಿ ಮಾತ್ರ ನನ್ನದು ಗಟ್ಟಿ ಅಭಿಪ್ರಾಯ. ಪಾಚಿಯ ಮೇಲಿನ ಸಿಟ್ಟಿಗೆ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಲು ಹೋಗಬೇಡಿ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು, ಜಿಎಫ್‌ಒ, ಡಬ್ಬಿಯ ಮೇಲೆ ಬರೆದಷ್ಟು ಹಾಕಿದರೆ ಸಣ್ಣ ಟ್ಯಾಂಕಿನಲ್ಲಿ ಒಂದೆರಡು ದಿನದಲ್ಲೇ ಫಾಸ್ಫೇಟ್ ಪೂರ್ತಿ ಬರಿದಾಗಬಹುದು. ಆಗ ಎದ್ದು ಬರುವುದು ಡೈನೋಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿ. ಪರಿಚಯದವರ ಟ್ಯಾಂಕಿನಲ್ಲಿ ನೋಡಿದ್ದೇನೆ. ಹಗಲು ಕಂದು ಸಿಂಬಳದ ಹಾಗೆ ಮರಳು, ಕಲ್ಲಿನ ಮೇಲೆಲ್ಲ ಎಳೆಎಳೆಯಾಗಿ, ತುದಿಗೆ ಗಾಳಿಗುಳ್ಳೆ. ರಾತ್ರಿ ಕಡಿಮೆಯಾದ ಹಾಗೆ ಕಾಣುತ್ತದೆ, ಬೆಳಿಗ್ಗೆ ಮತ್ತೆ ಅಷ್ಟೇ. ಅದನ್ನು ತಿಂದ ಬಸವನಹುಳುಗಳೂ ಸಾಯಬಹುದು. ಹೇರ್ ಆಲ್ಗೆ ಇದಕ್ಕಿಂತ ಎಷ್ಟೋ ವಾಸಿ. ನಾನು ನೈಟ್ರೇಟನ್ನು 5 ಪಿಪಿಎಂ, ಫಾಸ್ಫೇಟನ್ನು 0.05ರ ಹತ್ತಿರ ಇರಿಸಿಕೊಳ್ಳುತ್ತೇನೆ. ಜಿಎಫ್‌ಒ ಬೇಕಾದಾಗ ಹೇಳಿದ್ದರ ಕಾಲು ಭಾಗ ಮಾತ್ರ.

ತಿಂಗಳುಗಳು ಹೋದ ಮೇಲೆ ಕಲ್ಲಿನ ನೆರಳಿನ ಕಡೆ ನೇರಳೆ, ಗುಲಾಬಿ ಚುಕ್ಕೆಗಳು ಬಂದವು. ಅದು ಕೋರಲೈನ್, ಸುಣ್ಣದ ಹೊದಿಕೆ ಕಟ್ಟುವ ಒಳ್ಳೆಯ ಪಾಚಿ. ಅದು ಹರಡಿದ ಜಾಗದಲ್ಲಿ ಹಸಿರು ಕೂದಲಿಗೆ ಕಾಲೂರಲು ಕಷ್ಟ. ಈಗ ಪೂರ್ತಿ ಹಸಿರು ಇಲ್ಲ ಅಂತಲ್ಲ. ಪಂಪಿನ ಬಾಯಿ ಹತ್ತಿರ ಒಂದು ಚಿಕ್ಕ ಕುಚ್ಚು ಇದೆ, ಬಸವನಹುಳುಗಳಿಗೆ ಅಂತ ಬಿಟ್ಟಿದ್ದೇನೆ.

ಹೊಸದಾಗಿ ಟ್ಯಾಂಕ್ ಇಟ್ಟವರಿಗೆ ಮೊದಲ ತಿಂಗಳು, ಎರಡನೇ ತಿಂಗಳಲ್ಲಿ ಮರಳಿನ ಮೇಲೆಲ್ಲ ಕಂದು ಪುಡಿ ಕೂರಬಹುದು. ಅದು ಡಯಾಟಮ್, ಸಿಲಿಕೇಟ್ ಬಳಸಿ ಬೆಳೆಯುವ ಸೂಕ್ಷ್ಮ ಪಾಚಿ. ಸಿಲಿಕೇಟ್ ಮುಗಿದ ಮೇಲೆ ತಾನಾಗೇ ಹೋಗುತ್ತದೆ. ಟಾಪಪ್ ನೀರಿನ ಟಿಡಿಎಸ್ ಒಂದು ಸಲ ನೋಡಿ, ಗಾಜು ಒರೆಸಿ, ಮೀನು ಜಾಸ್ತಿ ಮಾಡದೆ ಕಾಯಿರಿ. ಮೂರು ತಿಂಗಳಾದರೂ ಹೋಗದಿದ್ದರೆ ರೆಸಿನ್ ಬದಲಿಸಿ.