ಹಾಡು ತಡವರಿಸುತ್ತಿದೆಯೇ? ಫಾರ್ಮ್ಯಾಟ್ ಮಾಡಿಸುವ ಮುಂಚೆ ಇಷ್ಟು ನೋಡಿ

ಕಂಪ್ಯೂಟರ್‌ನಲ್ಲಿ ಹಾಡು ಹಾಕಿದರೆ ಚಟ್ ಚಟ್ ಅನ್ನುತ್ತದೆ, ನಡುನಡುವೆ ಕಡಿದುಹೋಗುತ್ತದೆ. ಆಗ ಹೆಚ್ಚಿನವರು ಮೊದಲು ಹೊಸ ಸ್ಪೀಕರ್ ತರುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಾಸ್ತಿ ರ‍್ಯಾಮ್ ಹಾಕಿಸುತ್ತಾರೆ. ಕೊನೆಗೆ ಫಾರ್ಮ್ಯಾಟ್. ನನ್ನ ಗೆಳೆಯರೊಬ್ಬರು ಎರಡು ಸಲ ಫಾರ್ಮ್ಯಾಟ್ ಮಾಡಿಸಿ, ಮನೆಯವರ ಹಳೆಯ ಫೋಟೊಗಳನ್ನೆಲ್ಲ ಕಳೆದುಕೊಂಡರು. ಹಾಡು ಮಾತ್ರ ಹಾಗೇ ತಡವರಿಸುತ್ತಿತ್ತು. ಕಾರಣ ವೈಫೈ ಡ್ರೈವರ್, ಅಂದರೆ ವೈಫೈ ಭಾಗವನ್ನು ನಡೆಸುವ ಚಿಕ್ಕ ಪ್ರೋಗ್ರಾಂ. ಸಿಕ್ಕ ಮೇಲೆ ಸರಿಮಾಡಲು ಹತ್ತು ನಿಮಿಷ ಸಾಕಾಯಿತು.

ಹಾಡು ನುಡಿಸುವುದು ಕಂಪ್ಯೂಟರ್‌ಗೆ ಭಾರದ ಕೆಲಸವೇ ಅಲ್ಲ. ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ ಬೇಕಾಗುವುದು ಸುಮಾರು 176 ಕಿಲೋಬೈಟ್. ಹಳೆಯ ಹಾರ್ಡ್ ಡಿಸ್ಕ್ ಕೂಡ ಅದರ ನೂರಾರು ಪಟ್ಟು ಕೊಡುತ್ತದೆ. ಹಾಗಾಗಿ ‘ಸಿಸ್ಟಮ್ ಹಳೆಯದಾಯ್ತು’ ಅನ್ನುವ ಮಾತನ್ನು ಪಕ್ಕಕ್ಕಿಡಿ. ತೊಂದರೆ ಬರುವುದು ಹೊತ್ತು ತಪ್ಪಿದಾಗ. ಆ ಹಾಡಿನ ಒಂದು ಸೆಕೆಂಡಿನಲ್ಲಿ 44,100 ಸ್ಯಾಂಪಲ್‌ಗಳು, ಅಂದರೆ ದನಿಯ ಅಳತೆಗಳು, ಇರುತ್ತವೆ. ಕಂಪ್ಯೂಟರ್ ಅವನ್ನು ಕಂತು ಕಂತಾಗಿ ಬಫರ್ ಎಂಬ ಚಿಕ್ಕ ತೊಟ್ಟಿಗೆ ತುಂಬುತ್ತದೆ. ಸೌಂಡ್ ಕಾರ್ಡ್ ಅಲ್ಲಿಂದ ಒಂದೇ ಸಮನೆ ಎಳೆದುಕೊಳ್ಳುತ್ತದೆ. 10 ಮಿಲಿಸೆಕೆಂಡಿನ ತೊಟ್ಟಿಯಲ್ಲಿ ಹಿಡಿಸುವುದು 441 ಸ್ಯಾಂಪಲ್. ಅಷ್ಟರೊಳಗೆ ಮುಂದಿನ ಕಂತು ಬರದಿದ್ದರೆ ತೊಟ್ಟಿ ಬರಿದು. ಅದೇ ನಿಮಗೆ ಕೇಳುವ ‘ಚಟ್’.

ಮುಂದಿನದೆಲ್ಲ ವಿಂಡೋಸ್ ಇರುವವರಿಗೆ.

1. ಕಿವಿಗೊಟ್ಟು ಕೇಳಿ

ಕೊಳಲು ಅಥವಾ ಪಿಟೀಲಿನಂತೆ ಸ್ವರ ಉದ್ದಕ್ಕೆ ಎಳೆಯುವ ಹಾಡು ಹಾಕಿ. ಡ್ರಮ್ಸ್ ಇರುವ ಹಾಡಿನಲ್ಲಿ ಸಣ್ಣ ಕಡಿತ ಗೊತ್ತೇ ಆಗುವುದಿಲ್ಲ. ಪ್ರತಿ ಸಲ ಅದೇ ಜಾಗದಲ್ಲಿ ಕಡಿದರೆ ಫೈಲೇ ಕೆಟ್ಟಿದೆ, ಇಲ್ಲವೇ ಡಿಸ್ಕಿನ ಆ ಜಾಗ ಕೆಟ್ಟಿದೆ. ಡಿಸ್ಕ್ ಅಂತ ಸಂಶಯ ಬಂದರೆ ಬೇರೆಲ್ಲ ಬಿಟ್ಟು ಮೊದಲು ಬ್ಯಾಕಪ್ ತೆಗೆಯಿರಿ. ಅರ್ಧ ಸೆಕೆಂಡು, ಒಂದು ಸೆಕೆಂಡು ಪೂರ್ತಿ ಮೌನವಾಗುತ್ತಿದ್ದರೆ ಡಿಸ್ಕ್ ಅಥವಾ ನೆಟ್‌ವರ್ಕ್ ನಿಧಾನವಾಗಿದೆ. ಆ ಹಾಡನ್ನು ಒಳಗಿನ ಡಿಸ್ಕಿಗೆ ಕಾಪಿ ಮಾಡಿ ನುಡಿಸಿ ನೋಡಿ. ಎಲ್ಲೆಂದರಲ್ಲಿ ಸಣ್ಣಗೆ ಚಟಪಟ ಅನ್ನುತ್ತಿದ್ದರೆ, ಅದರಲ್ಲೂ ಡೌನ್‌ಲೋಡ್ ಆಗುವಾಗ ಜಾಸ್ತಿಯಾದರೆ, ನೇರ ನಾಲ್ಕನೇ ಹಂತಕ್ಕೆ ಹೋಗಿ.

2. ಬ್ಲೂಟೂತ್ ಇದ್ದರೆ

ವೈರಿನ ಹೆಡ್‌ಫೋನ್ ಸಿಕ್ಕಿಸಿ. ಅದರಲ್ಲಿ ಸರಿಯಾಗಿ ಕೇಳಿದರೆ ಕಂಪ್ಯೂಟರ್‌ನ ಒಳಗೇನೂ ಕೆದಕಬೇಡಿ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ವೈಫೈ ಕೂಡ ಅಲ್ಲೇ ಓಡುತ್ತಿರಬಹುದು. ಯುಎಸ್‌ಬಿ 3 ಪೋರ್ಟ್‌ಗಳೂ ಅದೇ ಜಾಗದಲ್ಲಿ ಗದ್ದಲ ಎಬ್ಬಿಸುತ್ತವೆ. ಕ್ಯಾಬಿನೆಟ್ಟಿನ ಹಿಂದೆ ಸಿಕ್ಕಿಸಿದ ಬ್ಲೂಟೂತ್ ಡಾಂಗಲ್ ಅನ್ನು ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಜಿನ ಮೇಲೆ ತನ್ನಿ. ಬ್ಲೂಟೂತ್ ಮದರ್‌ಬೋರ್ಡಿನಲ್ಲೇ ಇದ್ದರೆ ಅದರ ಆಂಟೆನಾ ತಿರುಗಿಸಿ ಹಾಕಿದ್ದೀರಾ ನೋಡಿ. ಡಬ್ಬದಲ್ಲೇ ಉಳಿದುಬಿಟ್ಟ ಆಂಟೆನಾಗಳನ್ನು ನಾನೇ ಎಷ್ಟೋ ಸಲ ಹುಡುಕಿ ಹಾಕಿಕೊಟ್ಟಿದ್ದೇನೆ.

3. ಎನ್‌ಹಾನ್ಸ್‌ಮೆಂಟ್ ಆಫ್ ಮಾಡಿ

ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ನಿಮ್ಮ ಸ್ಪೀಕರ್, ಅಲ್ಲಿ ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಆಫ್. ದನಿಗೆ ಮೆರುಗು ಕೊಡಲೆಂದು ಇರುವ ಸೌಲಭ್ಯ ಇದು. ತೊಂದರೆ ಇರಲಿ ಬಿಡಲಿ, ಇದು ಆಫ್ ಇರುವುದೇ ಒಳ್ಳೆಯದು.

4. ದಾರಿ ತಡೆಯುವ ಡ್ರೈವರ್ ಹುಡುಕಿ

ಎಲ್ಲರೂ ಎಡವುವುದು ಇಲ್ಲೇ. ಟಾಸ್ಕ್ ಮ್ಯಾನೇಜರ್ ತೆರೆಯುತ್ತಾರೆ, ಸಿಪಿಯು (ಪ್ರೊಸೆಸರ್) ಬಳಕೆ ಶೇ 5 ಅಂತ ತೋರಿಸುತ್ತದೆ, ‘ಎಲ್ಲ ಸರಿ ಇದೆಯಲ್ಲ’ ಅಂತ ಮುಚ್ಚುತ್ತಾರೆ. ಯಾವುದೋ ಡ್ರೈವರ್ ಪ್ರೊಸೆಸರನ್ನು 15 ಮಿಲಿಸೆಕೆಂಡು ಹಿಡಿದಿಟ್ಟುಕೊಂಡಿತು ಅಂದುಕೊಳ್ಳಿ. ಒಂದು ಸೆಕೆಂಡಿನ ಲೆಕ್ಕದಲ್ಲಿ ಅದು ಶೇ 1.5 ಮಾತ್ರ. ಟಾಸ್ಕ್ ಮ್ಯಾನೇಜರ್‌ನಲ್ಲಿ ಕಣ್ಣಿಗೇ ಬೀಳುವುದಿಲ್ಲ. ನಮ್ಮ 10 ಮಿಲಿಸೆಕೆಂಡಿನ ತೊಟ್ಟಿ ಅಷ್ಟರಲ್ಲಿ ಬರಿದಾಗಿರುತ್ತದೆ.

ಇದನ್ನು ಹಿಡಿಯಲು ಲೇಟೆನ್ಸಿಮಾನ್ ಎಂಬ ಪ್ರೋಗ್ರಾಂ ಇದೆ. ಮನೆಬಳಕೆಗೆ ಉಚಿತ. ಬೇರೆಲ್ಲ ಮುಚ್ಚಿ, ಹಾಡು ಹಾಕಿ, ಇದನ್ನು ಸ್ಟಾರ್ಟ್ ಮಾಡಿ. ಕನಿಷ್ಠ ಹತ್ತು ನಿಮಿಷ ಓಡಲಿ. ಎರಡೇ ನಿಮಿಷಕ್ಕೆ ನಿಲ್ಲಿಸಬೇಡಿ, ಕೆಲವು ಡ್ರೈವರ್‌ಗಳು ಯಾವಾಗಲೋ ಒಮ್ಮೆ ಮಾತ್ರ ಕಾಟ ಕೊಡುತ್ತವೆ. ‘ಚಟ್’ ಅಂದ ಹೊತ್ತಿಗೇ ಹಸಿರು ಪಟ್ಟಿ ಉದ್ದವಾಗಿ ಕೆಂಪಾದರೆ ಕಳ್ಳ ಸಿಕ್ಕಿದ ಹಾಗೆ. ಈಗ ಡ್ರೈವರ್ಸ್ ಪುಟಕ್ಕೆ ಹೋಗಿ, ಹೈಯೆಸ್ಟ್ ಎಕ್ಸಿಕ್ಯೂಷನ್ ಕಾಲಮ್ಮಿನ ಮೇಲೆ ಕ್ಲಿಕ್ ಮಾಡಿ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಮೇಲೆ ಬರುತ್ತದೆ.

ಅಲ್ಲಿ ಕಾಣುವ ಹೆಸರನ್ನೇ ನಂಬಬೇಡಿ. ಎನ್‌ಡಿಐಎಸ್ ಅಂತ ಇದ್ದರೆ ಅದು ವಿಂಡೋಸ್‌ನ ಸ್ವಂತ ಫೈಲು. ನೆಟ್‌ವರ್ಕಿನ ಡ್ರೈವರ್‌ಗಳು ಕೆಲಸ ಮಾಡುವುದು ಅದರ ಮೂಲಕ. ಅಂದರೆ ತಪ್ಪು ವೈಫೈ ಅಥವಾ ಲ್ಯಾನ್ ಡ್ರೈವರಿನದು. ಹಾಗೆಯೇ ಸ್ಟೋರ್‌ಪೋರ್ಟ್ ಅಂದರೆ ಡಿಸ್ಕಿನ ಕಡೆ ನೋಡಿ. ದಯವಿಟ್ಟು ಈ ಫೈಲುಗಳನ್ನು ಡಿಲೀಟ್ ಮಾಡಬೇಡಿ. ಒಬ್ಬರು ಮಾಡಿದ್ದರು, ಕಂಪ್ಯೂಟರ್ ಆನ್ ಆಗುವುದೇ ನಿಂತಿತು.

ಇನ್ನು ಡಿವೈಸ್ ಮ್ಯಾನೇಜರ್ ತೆರೆಯಿರಿ, ಕಂಪ್ಯೂಟರ್‌ನ ಭಾಗಗಳ ಪಟ್ಟಿ ಅಲ್ಲಿದೆ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ವೈಫೈ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡಿ. ಡಿಸ್ಕಿನಲ್ಲಿರುವ ಹಾಡನ್ನು ಐದು ನಿಮಿಷ ಕೇಳಿ. ಸರಿಹೋಗಲಿಲ್ಲವೇ? ಅದನ್ನು ಎನೇಬಲ್ ಮಾಡಿ ಮುಂದಿನದಕ್ಕೆ ಹೋಗಿ: ವೈರಿನ ಲ್ಯಾನ್, ಬ್ಲೂಟೂತ್, ವೆಬ್‌ಕ್ಯಾಮ್, ಗ್ರಾಫಿಕ್ಸ್ ಕಾರ್ಡಿನ ಜೊತೆ ಬರುವ ಎಚ್‌ಡಿಎಂಐ ಆಡಿಯೊ. ಒಂದು ಸಲಕ್ಕೆ ಒಂದೇ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಡಿಸ್ಕ್ ಕಂಟ್ರೋಲರ್, ಸಿಸ್ಟಮ್ ಡಿವೈಸಸ್, ಕೀಬೋರ್ಡು ಮೌಸು ಇರುವ ಯುಎಸ್‌ಬಿ ಹಬ್, ಇವನ್ನು ಮುಟ್ಟಬೇಡಿ.

ತಪ್ಪಿತಸ್ಥ ಸಿಕ್ಕಿತಾ? ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ತಯಾರಿಸಿದ ಕಂಪನಿಯ ಸೈಟಿನಿಂದಲೇ ಅದರ ಹೊಸ ಡ್ರೈವರ್ ತನ್ನಿ. ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಳೆಯದಕ್ಕೆ ಹೋಗಿ. ಸೌಂಡ್ ಡ್ರೈವರೇ ಕಾರಣವಾದರೆ ವಿಂಡೋಸ್ ಜೊತೆ ಬರುವ ಹೈ ಡೆಫಿನಿಷನ್ ಆಡಿಯೊ ಡಿವೈಸ್ ಆರಿಸಿಕೊಳ್ಳಿ. ಹಾಡು ಕೇಳಲು ಅದು ಧಾರಾಳವಾಗಿ ಸಾಕು.

‘ಒಂದೇ ಕ್ಲಿಕ್ಕಿಗೆ ಎಲ್ಲ ಡ್ರೈವರ್ ಅಪ್‌ಡೇಟ್’ ಅನ್ನುವ ಪ್ರೋಗ್ರಾಂಗಳಿಗೆ ದುಡ್ಡು ಕೊಡಬೇಡಿ, ಉಚಿತವಾದರೂ ಬೇಡ. ಹೊಂದದ ಡ್ರೈವರ್ ತಂದು ಹಾಕಿ, ಇಲ್ಲದ ತೊಂದರೆ ತರುತ್ತವೆ. ರಿಜಿಸ್ಟ್ರಿ ಕ್ಲೀನರ್‌ಗಳೂ ಬೇಡ.

5. ಪವರ್ ಮತ್ತು ಪ್ಲೇಯರ್

ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಇದ್ದರೆ ಅದನ್ನು ಆರಿಸಿ. ಸ್ಪೀಕರ್ ಯುಎಸ್‌ಬಿಯದಾದರೆ ಅಲ್ಲೇ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ವಿದ್ಯುತ್ ಉಳಿಸಲು ಯುಎಸ್‌ಬಿಯನ್ನು ಮಲಗಿಸುವ ಸೌಲಭ್ಯ) ಆಫ್ ಮಾಡಿ. ಡಿಸ್ಕ್ ನಿಧಾನವಿರುವವರು ವಿಎಲ್‌ಸಿ ಪ್ಲೇಯರಿನಲ್ಲಿ ಫೈಲ್ ಕ್ಯಾಶಿಂಗ್, ಅಂದರೆ ಹಾಡನ್ನು ಮುಂಚಿತವಾಗಿ ಓದಿಟ್ಟುಕೊಳ್ಳುವ ಹೊತ್ತು, 2000 ಮಿಲಿಸೆಕೆಂಡಿಗೆ ಏರಿಸಬಹುದು. ಡ್ರೈವರ್ ತೊಂದರೆ ಇದ್ದಾಗ ಇದನ್ನು ಏರಿಸಿ ಹೆಚ್ಚೇನೂ ಪ್ರಯೋಜನವಿಲ್ಲ.

ಪರೀಕ್ಷೆಗೆಂದು ಡಿಸೇಬಲ್ ಮಾಡಿದ್ದನ್ನೆಲ್ಲ ಮತ್ತೆ ಎನೇಬಲ್ ಮಾಡಿ. ಒಮ್ಮೆ ರೀಸ್ಟಾರ್ಟ್ ಮಾಡಿ, ಬ್ರೌಸರಿನಲ್ಲಿ ದೊಡ್ಡದೊಂದು ಡೌನ್‌ಲೋಡ್ ಹಚ್ಚಿ, ಅದೇ ಕೊಳಲಿನ ಹಾಡನ್ನು ಮೊದಲಿನಿಂದ ಕೊನೆವರೆಗೆ ಕೇಳಿ.