ಒಂದೇ ವಹಿ, ಹನ್ನೊಂದು ಕೈ

ಪುಣೆಯ ಪಿಂಪ್ರಿ ಕಡೆ ಒಂದು ಸೊಸೈಟಿಯ ಹಾಲ್. ಶನಿವಾರ ಮಧ್ಯಾಹ್ನ 3 ಗಂಟೆಗೆ ನಾವು 11 ಹೆಂಗಸರು ಅಲ್ಲಿ ಸೇರುತ್ತೇವೆ. ವಿಜಯಪುರ, ಕಲಬುರಗಿ ಕಡೆಯವರು ಜಾಸ್ತಿ, ಇಬ್ಬರು ಉಡುಪಿಯವರು. ಹೆಣ್ಣಿನ ಬದುಕು, ಕೆಲಸ, ಕಾನೂನು, ಇತಿಹಾಸ ಅಂತ ಕಲಿಯುವ ಸಣ್ಣ ಸ್ತ್ರೀವಾದಿ ತರಗತಿ ಇದು. ಹೆಸರಿಗೆ ಕಲಿಸುವವಳು ನಾನು. ಮೊದಲ ಎರಡು ತಿಂಗಳು ನಾನೊಬ್ಬಳೇ ಮಾತಾಡಿದೆ. ಸಮಾನತೆಯ ಪಾಠ ಹೇಳುವ ನಾನು ಕುರ್ಚಿಯ ಮೇಲೆ, ಕೇಳುವ ಅವರು ಚಾಪೆಯ ಮೇಲೆ! ಏನಾದರೂ ಹೇಳಿ ಅಂದರೆ ಬಾಯಿ ಬಿಡುತ್ತಿದ್ದವರು ಅದೇ ಮೂವರು. ಉಳಿದವರು ಚಹಾದ ದಾರಿ ನೋಡುತ್ತಿದ್ದರು.

ಆಮೇಲೆ ಒಂದು ವಹಿ ತಂದೆವು. ಎಲ್ಲರೂ ಸರದಿಯಲ್ಲಿ ಬರೆಯುವುದು, ಎಲ್ಲರೂ ಓದುವುದು, ಓದಿದವರು ಪಕ್ಕದಲ್ಲೇ ಉತ್ತರ ಬರೆಯುವುದು. ಇಲ್ಲಿನ ಶಾಲೆ ಮಕ್ಕಳಿಗೆ ವಹಿ ಅಂದರೆ ನೋಟ್‌ಬುಕ್. ನಮ್ಮೂರ ಕಡೆ ಅಂಗಡಿಯ ಲೆಕ್ಕದ ಪುಸ್ತಕ. ನಮ್ಮದು ಎರಡೂ ಹೌದು. ನಿಮ್ಮ ಮಹಿಳಾ ಮಂಡಳದಲ್ಲೋ ಕಾಲೇಜಿನಲ್ಲೋ ಇದನ್ನು ನಡೆಸುವ ಮನಸ್ಸಿದ್ದರೆ ಹೀಗೆ ಮಾಡಿ.

ಮೊದಲು ವಹಿ

200 ಪುಟದ, ಹೊಲಿಗೆ ಹಾಕಿದ, ರಟ್ಟಿನ ಹೊದಿಕೆಯ ಪುಸ್ತಕ ಕೊಳ್ಳಿ. ಸ್ಪೈರಲ್ ಬೇಡ, ಹಾಳೆ ಸುಲಭವಾಗಿ ಕಿತ್ತು ಬರುತ್ತದೆ. ಬರೆಯುವುದು ಬಲ ಪುಟದಲ್ಲಿ ಮಾತ್ರ. ಎಡ ಪುಟ ಖಾಲಿ ಬಿಡಿ, ಅದು ಉಳಿದವರ ಉತ್ತರಕ್ಕೆ. ಕಾಗದ ದಂಡ ಅನ್ನಿಸಬಹುದು. ಆದರೆ ಆ ಖಾಲಿ ಪುಟ ಇಲ್ಲದಿದ್ದರೆ ಇದು ಬರೀ ಡೈರಿ.

ಯಾವ ಹೆಸರಲ್ಲಿ ಬರೆಯಬೇಕು?

ಸ್ವಂತ ಹೆಸರು ಬೇಡ ಅನ್ನುವವರಿಗೆ ನಮ್ಮಲ್ಲೇ ಒಂದು ಹಳೆಯ ದಾರಿ ಇದೆ: ಅಂಕಿತ. 12ನೇ ಶತಮಾನದ ಸೂಳೆ ಸಂಕವ್ವೆ ತನ್ನ ವಚನಕ್ಕೆ ಹಾಕಿದ ಅಂಕಿತ ನಿರ್ಲಜ್ಜೇಶ್ವರ. ಲೋಕ ಯಾವ ಮಾತು ಹೇಳಿ ಅವಳನ್ನು ಹಂಗಿಸುತ್ತಿತ್ತೋ ಅದನ್ನೇ ದೇವರ ಹೆಸರಲ್ಲಿಟ್ಟಳು. ಎಂಥ ಧೈರ್ಯ ಅಲ್ವಾ! ಅಮೆರಿಕದ ಸ್ತ್ರೀವಾದಿ ಶಿಕ್ಷಕಿ ಬೆಲ್ ಹುಕ್ಸ್ ಅವರದ್ದೂ ಹುಟ್ಟುಹೆಸರಲ್ಲ, ಮುತ್ತಜ್ಜಿಯಿಂದ ಪಡೆದದ್ದು.

ನಮ್ಮ ಗುಂಪಿನ ಒಬ್ಬರಿಗೆ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆದು ಇಟ್ಟಿದ್ದರು. ಆಧಾರ್ ಕಾರ್ಡಿನಲ್ಲೂ ಅದೇ. ವಹಿಯಲ್ಲಿ ಅವರು ಅಂಕಿತವಾಗಿ ಹಾಕಿದ್ದು ತವರಿನ ಹೆಸರನ್ನು. 'ಈ ಅಕ್ಷರ ಬರೆದು 22 ವರ್ಷ ಆತ್ರಿ' ಅಂದರು. ಅವತ್ತು ಬೇರೇನೂ ಬರೆಯಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ.

ಮೊದಲ ಬರಹ: 24 ಗಂಟೆಯ ಲೆಕ್ಕ

'ನಿಮ್ಮ ಕಷ್ಟ ಬರೆಯಿರಿ' ಅಂತ ಮಾತ್ರ ಹೇಳಬೇಡಿ. ಕಷ್ಟ ಯಾರೂ ಬರೆಯುವುದಿಲ್ಲ. 'ನಂದೇನೈತ್ರಿ ಬರಿಯೂದು' ಅಂತಾರೆ. ನಿನ್ನೆ ಏನೇನು ಮಾಡಿದಿರಿ ಅಂತ ಕೇಳಿ, ಪುಟ ಸಾಲುವುದಿಲ್ಲ.

ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಕ್ರಮವನ್ನೇ ನಾವು ಎರವಲು ತಂದೆವು. ಬೆಳಗಿನ 4 ಗಂಟೆಯಿಂದ ಮರುದಿನ 4ರವರೆಗೆ, ಅರ್ಧ ಗಂಟೆಗೆ ಒಂದು ಗೆರೆ. ಒಟ್ಟು 48 ಗೆರೆ. ಪ್ರತಿ ಗೆರೆಯಲ್ಲೂ ಆಗ ಮಾಡಿದ ಕೆಲಸ. ಒಂದೇ ಹೊತ್ತಿಗೆ ಎರಡು ಕೆಲಸ ಮಾಡಿದ್ದರೆ ಎರಡನ್ನೂ ಬರೆಯಬೇಕು. ಮಗುವಿಗೆ ಹೋಂವರ್ಕ್ ಹೇಳಿಕೊಡುತ್ತಾ ಚಪಾತಿ ಲಟ್ಟಿಸಿದರೆ ಎರಡೂ ಲೆಕ್ಕಕ್ಕೆ ಬರಲಿ.

ಒಬ್ಬರು ಬರೆದಿದ್ದರು: '5ರಿಂದ 5.30, ನಳದ ನೀರಿಗೆ ಕಾದೆ.' ಎಡ ಪುಟದಲ್ಲಿ ಒಬ್ಬರು ಕೇಳಿದರು: 'ಕಾಯುವುದೂ ಕೆಲಸವಾ?' ಅದರ ಕೆಳಗೆ ಇನ್ನೊಂದು ಕೈ: 'ಆ ಹೊತ್ತಲ್ಲಿ ಮಲಗಲು ಆಗುತ್ತಾ? ಇಲ್ಲ ಅಂದರೆ ಕೆಲಸಾನೇ.' ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಎಂದೂ ಬಾಯಿ ಬಿಡದ ಒಬ್ಬರು: 'ನಮ್ಮ ಮನಿಯವ್ರು ವಾಚ್‌ಮನ್ ಅದಾರ. ರಾತ್ರಿಪೂರಾ ಕಾಯೂದಕ್ಕ ಅವ್ರಿಗೆ ಪಗಾರ ಕೊಡ್ತಾರ.'

ಸಂಬಳವಿಲ್ಲದ ದುಡಿಮೆಯ ಬಗ್ಗೆ ನಾನು ಎರಡು ವಾರ ಕೊರೆದಿದ್ದೆ. ಈ ಮೂರು ಉತ್ತರಗಳ ಮುಂದೆ ಅದೇನೂ ಅಲ್ಲ.

ಅಂಕಿಅಂಶ ತೋರಿಸಬೇಕಾದದ್ದು ಇದಾದ ಮೇಲೆ. 2019ರ ಆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟಿದ್ದರು, ಮಾಡಿದ ಗಂಡಸರು 97 ನಿಮಿಷ. 'ಮಾಡಿದ ಗಂಡಸರು' ಅನ್ನುವುದನ್ನು ಬೆರಳಿಟ್ಟು ತೋರಿಸಿ. ಅಂಥವರು ನೂರಕ್ಕೆ 26 ಜನ ಮಾತ್ರ. ತಮ್ಮ 48 ಗೆರೆ ಬರೆದವರಿಗೆ ಈ ಅಂಕಿ ಬಿಡಿಸಿ ಹೇಳಬೇಕಿಲ್ಲ. ತಾವೇ ಕೂಡಿಸಿ ಕಳೆಯುತ್ತಾರೆ.

ಎಡ ಪುಟದ ನಿಯಮ

ಕೆಂಪು ಪೆನ್ ತರಗತಿಗೇ ತರಬೇಡಿ. ಒತ್ತಕ್ಷರ ತಪ್ಪಿದ್ದರೆ ತಪ್ಪಿರಲಿ. ಉಪದೇಶವೂ ಬೇಡ. 'ನೀನು ಹೀಗೆ ಮಾಡಬೇಕಿತ್ತು' ಅಂತ ಬರೆದರೆ ಆ ಕೈ ಮತ್ತೆ ವಹಿ ಮುಟ್ಟುವುದಿಲ್ಲ. ಪ್ರಶ್ನೆ ಕೇಳಬಹುದು, 'ನನಗೂ ಹೀಗೇ ಆಗಿತ್ತು' ಅಂತ ಬರೆಯಬಹುದು, ಒಪ್ಪುವುದಿಲ್ಲ ಅಂತಲೂ ಬರೆಯಬಹುದು. ಆದರೆ ಕಾರಣ ಹೇಳಬೇಕು.

ಕಲಿಸುವವರೂ ಸರದಿಯಲ್ಲಿ ಬರೆಯಬೇಕು. ಬೇರೆಯವರ ಗುಟ್ಟು ಕೇಳಿ ತನ್ನದನ್ನು ಮುಚ್ಚಿಡುವ ಟೀಚರ್ ಬೇಡ ಅನ್ನುವುದು ಬೆಲ್ ಹುಕ್ಸ್ ಅವರದ್ದೂ ನಿಲುವು. ನನ್ನ ಸರದಿ ಬಂದಾಗ ನಮ್ಮ ಮನೆಯ ಕೆಲಸದಾಕೆಗೆ ವಾರದ ರಜೆ ಇಲ್ಲ ಅಂತ ಬರೆಯಬೇಕಾಯಿತು. ಎಡ ಪುಟದಲ್ಲಿ ಬಂದದ್ದನ್ನು ಇಲ್ಲಿ ಹೇಳುವುದಿಲ್ಲ. ಈಗ ಅವರಿಗೆ ಭಾನುವಾರ ರಜೆ.

ಬರೆಯಲು ಬಾರದವರು ಹೇಳಲಿ, ಪಕ್ಕದವರು ಬರೆದುಕೊಳ್ಳಲಿ. 'ಐತಿ'ಯನ್ನು 'ಇದೆ' ಮಾಡಬೇಡಿ. ಬರೆದದ್ದನ್ನು ಓದಿ ಹೇಳಿ, ಅವರು ಹೂಂ ಅಂದ ಮೇಲೆ ಅಂಕಿತ. ಇಂಥ ಬರಹಕ್ಕೆ ಈ ಊರಲ್ಲಿ ದೊಡ್ಡ ಹಿನ್ನೆಲೆ ಇದೆ. 1848ರಲ್ಲಿ ಫುಲೆ ದಂಪತಿ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅವರ ಶಾಲೆಯಲ್ಲಿ ಕಲಿತ ಮುಕ್ತಾ ಸಾಳ್ವೆ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಾಂಗ್, ಮಹಾರ್ ಜಾತಿಗಳ ಜನರ ನೋವಿನ ಬಗ್ಗೆ ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವಳಿಗೆ ಸುಮಾರು 14 ವರ್ಷ. ನಮ್ಮ ಗುಂಪಿಗೆ ಈ ಕಥೆ ಹೇಳಿದಾಗ ಒಬ್ಬರು 'ನನ್ನ ಮಗಳ ವಯಸ್ಸು' ಅಂದರು. ಮರುವಾರ ಮಗಳನ್ನೂ ಕರೆತಂದರು.

ವಹಿ ಎಲ್ಲಿರಬೇಕು?

ಇಲ್ಲಿ ನಾನು ತಪ್ಪು ಮಾಡಿದೆ. ಮನೆಯಲ್ಲಿ ಆರಾಮಾಗಿ ಬರೆಯಲಿ ಅಂತ ವಹಿಯನ್ನು ಒಬ್ಬರ ಕೈಯಲ್ಲಿ ಕೊಟ್ಟು ಕಳಿಸಿದೆ. ಮನೆಯಲ್ಲಿ ಬೇರೆಯವರು ಓದಿದರು. ಆಕೆ ಮೂರು ಶನಿವಾರ ಬರಲಿಲ್ಲ. ನಾಲ್ಕನೆಯ ಶನಿವಾರ ಬಂದಾಗ ವಹಿಯನ್ನು ಸೀರೆಯ ಸೆರಗಲ್ಲಿ ಸುತ್ತಿ ತಂದಿದ್ದರು. ಅವತ್ತಿನಿಂದ ವಹಿ ಹಾಲ್‌ನ ಬೀರುವಿನಲ್ಲೇ ಇರುತ್ತದೆ. ಕೀಲಿ ಇಬ್ಬರ ಹತ್ತಿರ. ಬರೆಯುವುದಕ್ಕೆ ತರಗತಿಯಲ್ಲೇ 20 ನಿಮಿಷ. ಫೋಟೋ ಹೊಡೆಯುವಂತಿಲ್ಲ, ವಾಟ್ಸ್‌ಆ್ಯಪ್‌ಗೆ ಹಾಕುವಂತಿಲ್ಲ. ಗಂಡ, ಅತ್ತೆ, ಮಾಲೀಕ ಯಾರ ಹೆಸರನ್ನೂ ಬರೆಯುವಂತಿಲ್ಲ.

ಹೊಡೆತ ಬಡಿತದ ಸುಳಿವು ಸಿಕ್ಕರೆ ಎಡ ಪುಟದಲ್ಲಿ ಬರೆಯುತ್ತಾ ಕೂರಬೇಡಿ. ಬರೆದವರೊಬ್ಬರನ್ನೇ ಪಕ್ಕಕ್ಕೆ ಕರೆದು ಮಾತಾಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಈ ಮಾಹಿತಿ ರಟ್ಟಿನ ಒಳಬದಿಯಲ್ಲಿ ಅಂಟಿಸಿಡಿ.

ವಹಿ ತುಂಬಿದ ಮೇಲೆ

ಯಾರದ್ದು ಅದು? ಇದನ್ನು ಮೊದಲ ದಿನವೇ ಕೇಳಬೇಕಿತ್ತು, ನಾವು ಕೇಳಿರಲಿಲ್ಲ. ಕೊನೆಗೆ ಕೂತು ಮಾತಾಡಿದೆವು. ತಮ್ಮ ಪುಟ ಬೇಕು ಅಂದವರಿಗೆ ಬ್ಲೇಡಿನಿಂದ ಕೊಯ್ದು ಕೊಟ್ಟೆವು. ಮೂವರು ಒಯ್ದರು. ಒಬ್ಬರು ಅಲ್ಲೇ ಹರಿದು ಚಹಾದ ಲೋಟದ ಜೊತೆ ಡಬ್ಬಿಗೆ ಹಾಕಿದರು. ಅವರ ಪುಟ, ಅವರ ಇಷ್ಟ. ಉಳಿದದ್ದು ಬೀರುವಿನಲ್ಲಿದೆ. ಎರಡನೆಯ ವಹಿಗೆ ಈ ಸಲ ಎಲ್ಲರೂ ಹತ್ತತ್ತು ರೂಪಾಯಿ ಹಾಕಿದ್ದಾರೆ.